ಕಡಲಹಂದಿ, ಸಂಖ್ಯೆ ಒಂದು

ಬಲೆ ತೇಪೆ ಹಾಕಿ ಹಾಕಿ ಸಾವಕ್ಕನ ಬಲಗೈ ಹೆಬ್ಬೆರಳ ಸಂದು ಹರಿದು ಹೋಗಿತ್ತು. ಹುಣ್ಣು ಮಾಯಬೇಕಾದರೆ ಎಂಟು ದಿನ ಕೈಗೆ ನೀರು ತಾಗಿಸಬಾರದು ಎಂದು ಸರಕಾರಿ ದವಾಖಾನೆಯ ಡಾಕ್ಟರು ಹೇಳಿದ್ದ. ಹೊಳೆಯಲ್ಲಿ ಮೀನು ಹಿಡಿದು ಬದುಕುವ ಹೆಂಗಸಿಗೆ ನೀರು ಮುಟ್ಟಬೇಡ ಎನ್ನುವ ಡಾಕ್ಟರನನ್ನು ಏನೆಂದು ಕರೆಯಬೇಕೆಂದು ಸಾವಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಿಬಿಟ್ಟು ಕರೆಯಲಿಲ್ಲ. ಎಡಗೈಯಲ್ಲಿ ತೇಪೆ ಹಾಕುವುದನ್ನು ರೂಢಿ ಮಾಡಿಕೊಂಡಳು.

ಆ ಬಲೆಯನ್ನಾದರೂ ಬಲೆ ಎನ್ನುವುದು ಹೆಸರಿಗಷ್ಟೇ. ಹತ್ತು ವರ್ಷದ ಹಿಂದೆ ಮಿರಜಿನಿಂದ ತಂದದ್ದು. ಅದರಲ್ಲಿ ಹಳೆಯ ನೂಲು ಎಷ್ಟು, ಸಾವಕ್ಕನ ಗಂಟು ಎಷ್ಟು ಎಂದು ಯಾರೂ ಹೇಳುವಂತಿರಲಿಲ್ಲ. ದೋಣಿಯ ಕಥೆಯೂ ಅದೇ. ಗಾಣದವರು ತಳ ಸುಟ್ಟಿತೆಂದು ಮೂಲೆಗೆ ಎಸೆದಿದ್ದ ಬೆಲ್ಲದ ಕಡಾಯಿಯನ್ನು ಅವಳ ಗಂಡ ಕಾಮಣ್ಣ ಬೇಡಿ ತಂದು, ಡಾಂಬರು ಬಳಿದು, ಹೊಳೆಗೆ ಇಳಿಸಿದ್ದ. ಕಡಾಯಿಯಲ್ಲಿ ಕೂತು ಹುಟ್ಟು ಹಾಕಿದರೆ ಅದು ಮುಂದಕ್ಕೆ ಹೋಗುವುದಕ್ಕಿಂತ ಸುತ್ತುವುದೇ ಹೆಚ್ಚು.

ಅಥಣಿ ತಾಲೂಕಿನ ಆ ಊರಿನ ಹೊಳೆದಂಡೆಯಲ್ಲಿ ಅಂಬಿಗರ ಮನೆಗಳು ಹನ್ನೊಂದು. ಬೇಸಿಗೆಯಲ್ಲಿ ಕೃಷ್ಣೆ ಹರಿಯುವುದನ್ನು ನಿಲ್ಲಿಸಿ ಅಲ್ಲಲ್ಲಿ ಮಡುವಾಗಿ ನಿಂತಾಗ, ಮೇಲಿನ ನೀರಿನ ಮೀನೆಲ್ಲ ಊರ ಕೆಳಗಿನ ದೊಡ್ಡ ಮಡುವಿಗೆ ಬಂದು ಸೇರುತ್ತಿತ್ತು. ಆ ಮಡು ವರ್ಷಕ್ಕೆ ಒಂದು ಮನೆಗೆ ಪಾಳಿ. ಯಾರು ಮಾಡಿದ ಪದ್ಧತಿಯೋ, ಯಾವ ಕಾಗದದಲ್ಲೂ ಇರಲಿಲ್ಲ. ಆದರೂ ಅಜ್ಜ ಮುತ್ತಜ್ಜರ ಕಾಲದಿಂದ ಯಾರೂ ತಪ್ಪಿ ನಡೆದಿರಲಿಲ್ಲ. ಹನ್ನೊಂದು ವರ್ಷಕ್ಕೊಮ್ಮೆ ಬರುವ ಪಾಳಿ ಅದು. ಹಿಂದಿನ ಪಾಳಿಯಲ್ಲಿ ಕಾಮಣ್ಣನ ಅಪ್ಪ ಮನೆಗೆ ಹಂಚು ಹೊದಿಸಿದ್ದ. ಬರುವ ತೊಂಬತ್ಮೂರರ ಬೇಸಿಗೆಗೆ ಪಾಳಿ ಮತ್ತೆ ಕಾಮಣ್ಣನ ಮನೆಯದು. ಒಂದು ಮರದ ದೋಣಿ ಮಾಡಿಸಬೇಕು, ಈ ಕಡಾಯಿಯಲ್ಲಿ ಕೂತು ಸುತ್ತುವುದು ಸಾಕು ಎಂದು ಸಾವಕ್ಕ ಲೆಕ್ಕ ಹಾಕಿಟ್ಟಿದ್ದಳು.

ಪಾಳಿ ಇದ್ದರೆ ಸಾಲದು, ಪರವಾನಿಗೆಯೂ ಬೇಕು. ಪರವಾನಿಗೆ ಕೊಡಿಸುವುದು ಮೀನುಗಾರರ ಸಂಘ. ಸಂಘದಲ್ಲಿ ನಲವತ್ತೆರಡು ಸದಸ್ಯರಿದ್ದರು. ಅವರಲ್ಲಿ ಈಜು ಬರುವವರು ಹನ್ನೊಂದು ಮಂದಿ. ಉಳಿದವರು ಅಧ್ಯಕ್ಷ ಅಣ್ಣಾಸಾಬನ ತಮ್ಮಂದಿರು, ಅಳಿಯಂದಿರು, ತೋಟದ ಆಳುಗಳು ಮತ್ತು ತೀರಿಕೊಂಡು ಮೂರು ವರ್ಷವಾಗಿದ್ದ ಅವನ ಸೋದರಮಾವ. ಅಣ್ಣಾಸಾಬ ಕಬ್ಬಿನ ಕುಳ, ದ್ರಾಕ್ಷಿಯ ಕುಳ. ಮೀನನ್ನು ಅವನು ಕಂಡದ್ದು ಊಟದ ತಾಟಿನಲ್ಲಿ ಮಾತ್ರ. ಆದರೆ ಸರಕಾರ ಅಂಬಿಗರಿಗೆಂದು ಕಳಿಸುವುದೆಲ್ಲ ಮೊದಲು ಅವನ ಅಂಗಳಕ್ಕೆ ಬರುತ್ತಿತ್ತು, ಹೆಚ್ಚಿನಂಶ ಅಲ್ಲೇ ನಿಲ್ಲುತ್ತಿತ್ತು.

ಹೀಗಿರುವಾಗ ದಿಲ್ಲಿಯಲ್ಲಿ ಯಾರಿಗೋ ತಿಮಿಂಗಿಲಗಳ ಚಿಂತೆ ಹತ್ತಿತು. ಸಮುದ್ರದಲ್ಲಿ ಮೀನಿಗೆಂದು ಹಾಕಿದ ಬಲೆಗಳಲ್ಲಿ ತಿಮಿಂಗಿಲ, ಕಡಲಹಂದಿ ಮುಂತಾದ ಬಡಪ್ರಾಣಿಗಳು ಆಕಸ್ಮಿಕವಾಗಿ ಸಿಕ್ಕಿ ಉಸಿರುಗಟ್ಟಿ ಸಾಯುತ್ತವಂತೆ. ಚಿಂತೆ ಖರೆಯದೇ. ಅದಕ್ಕೊಂದು ಫಾರ್ಮು ಅಚ್ಚಾಯಿತು. ಕಾರವಾರ, ಮಂಗಳೂರಿಗೆ ಹೋಗಬೇಕಾದ ಫಾರ್ಮನ್ನು ಬೆಂಗಳೂರಿನಲ್ಲಿ ಯಾವನೋ ಪುಣ್ಯಾತ್ಮ ಎಲ್ಲ ಜಿಲ್ಲೆಗೂ ಕಳಿಸಿಬಿಟ್ಟ. ಇಲ್ಲಿ ಸಮುದ್ರವಿಲ್ಲ ಎಂದು ಬರೆದು ವಾಪಸು ಮಾಡುವ ಎದೆಗಾರಿಕೆ ಬೆಳಗಾವಿಯ ಸಾಹೇಬರಿಗಿರಲಿಲ್ಲ, ಅವರ ಕೈಕೆಳಗಿನವರಿಗೆ ಮೊದಲೇ ಇರಲಿಲ್ಲ. ಅಥಣಿಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿ ಬೆಟ್ಟ ಇದೆ ಎಂಬುದು ನಾಲ್ಕನೇ ಇಯತ್ತೆಯ ಹುಡುಗರಿಗೂ ಗೊತ್ತು. ಆಫೀಸಿನಲ್ಲಿ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದನ್ನು ಹೇಳುವುದು ಅಲ್ಲಿ ಯಾರ ಕೆಲಸವೂ ಅಲ್ಲ.

ಆಗಸ್ಟಿನ ಮಹಾಪೂರ ಇಳಿದ ಮೇಲೆ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಸಾಹೇಬ ಜೀಪಿನಲ್ಲಿ ಬಂದ. ಅಣ್ಣಾಸಾಬನ ಪಡಸಾಲೆಯೇ ಸಂಘದ ಆಫೀಸು. ಸಾಹೇಬನಿಗೆ ಕುರ್ಚಿ, ಚಹ, ಚುರಮುರಿ, ಬಿಸಿ ಮಿರ್ಚಿ. ಅಂಬಿಗರು ಅಂಗಳದಲ್ಲಿ ಸಾಲಾಗಿ ನಿಂತರು. ಕಾಮಣ್ಣನ ಸರದಿ ಬಂತು. ಹಿಂದೆ ಸಾವಕ್ಕ ನಿಂತಿದ್ದಳು, ಏಕೆಂದರೆ ಕಾಗದ, ಪೆನ್ನು ಕಂಡರೆ ಕಾಮಣ್ಣನ ನಾಲಿಗೆ ಒಣಗುತ್ತಿತ್ತು.

"ಬಲೆ ಯಾವುದು?" ಸಾಹೇಬ ಕೇಳಿದ.

ಕಾಮಣ್ಣ ಬಾಯಿ ತೆರೆಯುವುದರೊಳಗೆ ಅಣ್ಣಾಸಾಬನೇ ಹೇಳಿದ, "ನೈಲಾನ್ ಅಂತ ಬರೀರಿ ಸಾಹೇಬ್ರ. ಸಂಘದಿಂದ ಕೊಟ್ಟದ್ದು. ಹನ್ನೊಂದೂ ಮಂದಿಗೆ ಕೊಟ್ಟೀವಿ."

"ಯಾವ ನೈಲಾನ್ ರೀ?" ಎಂದಳು ಸಾವಕ್ಕ. "ನಮಗ ಯಾವಾಗ ಕೊಟ್ರಿ?"

"ಏ ಯವ್ವಾ, ಸರಕಾರಿ ಕಾಗದ ಅದು. ನಡುವ ಬಾಯಿ ಹಾಕಬ್ಯಾಡ ನೀ."

ಸಾಹೇಬ ಬರೆದುಕೊಂಡ. ಮಿರ್ಚಿಯ ಎಣ್ಣೆ ಕಾಗದಕ್ಕೆ ಹತ್ತದಂತೆ ಕೈ ಎತ್ತಿ ಹಿಡಿದು ಕೇಳಿದ, "ನಿನ್ನ ಬಲೆಯಲ್ಲಿ ಆಕಸ್ಮಿಕ ತಿಮಿಂಗಿಲ ಏನಾದರೂ ಸಿಕ್ಕಿದೆಯಾ?"

"ಅದೇನ್ರಿ ಅದು?"

"ದೊಡ್ಡ ಮೀನು ಇದ್ದಂಗೆ."

"ದೊಡ್ಡ ಬಾಳಿಮೀನ ಸಿಕ್ಕಿತ್ರಿ ಹೋದ ವರ್ಷ. ನನ್ನ ಎದಿಮಟ ಇತ್ತು."

"ಅದಲ್ಲಪಾ. ಇಲ್ಲ ಅಂತ ಹಾಕ್ತೀನಿ. ಕಡಲಹಂದಿ?"

ಕಾಮಣ್ಣನ ಮುಖ ಅರಳಿತು. ಆ ಸೀಮೆಯಲ್ಲಿ ಕಡಲು ಎಂಬ ಮಾತು ಯಾರ ಬಾಯಲ್ಲೂ ಇಲ್ಲ. ಸಮುದ್ರ ಎನ್ನುತ್ತಾರೆ, ಅದೂ ಅಪರೂಪಕ್ಕೆ. ಆದರೆ ಕಡ್ಲಿ ಯಾರಿಗೆ ಗೊತ್ತಿಲ್ಲ? ಎರೆಹೊಲದಲ್ಲಿ ಹಿಂಗಾರಿಗೆ ಬಿತ್ತುವ ಕಡಲೆ. ಕಡ್ಲಿ ಹೊಲಕ್ಕೆ ನುಗ್ಗಿ ಬೇರು ಸಮೇತ ಕೆದರುವ ಹಂದಿಯೂ ಎಲ್ಲರಿಗೂ ಗೊತ್ತು.

"ಕಡ್ಲಿ ಹಂದಿ ಏನ್ರಿ? ಸಿಕ್ಕಿತ್ರಿ! ಮೊನ್ನೆ ಮಾಪೂರ ಬಂದಾಗ ತೇಲಕೋತ ಬಂದು ಬಲಿಗೆ ಬಿತ್ರಿ. ಹೆಣ್ಣು. ಗಬ್ಬ ಇತ್ತು."

"ಎಷ್ಟು?"

"ಒಂದರೀ. ಪಾಪ ಅನಿಸ್ತು. ಕುಡುಗೋಲ ತಗೊಂಡು ಬಲಿ ಕೊಯ್ದು ಬಿಟ್ಟೆ. ದಂಡಿ ಹತ್ತಿ ಮೈ ಝಾಡಿಸಿ ಕಬ್ಬಿನಾಗ ಓಡಿ ಹೋತ್ರಿ."

ಸಂಖ್ಯೆ ಒಂದು ಎಂದು ಸಾಹೇಬ ಬರೆದ. ಬಿಟ್ಟದ್ದನ್ನು ಬರೆಯಲು ಫಾರ್ಮಿನಲ್ಲಿ ಜಾಗ ಇರಲಿಲ್ಲ. ಸಮುದ್ರದ ಪ್ರಾಣಿ ದಂಡೆ ಹತ್ತಿ, ಮೈ ಝಾಡಿಸಿ, ಕಬ್ಬಿನಲ್ಲಿ ಓಡಿ ಹೋಯಿತು ಎಂದಾಗಲಾದರೂ ಸಾಹೇಬ ತಲೆ ಎತ್ತಬಹುದಿತ್ತು. ಎತ್ತಲಿಲ್ಲ. ಚಹ ಆರುತ್ತಿತ್ತು. ಕಾಮಣ್ಣ ಹೆಬ್ಬೆಟ್ಟು ಒತ್ತಿ, ಮೊದಲ ಸಲ ಸರಕಾರದ ಪ್ರಶ್ನೆಗೆ ಸರಿ ಉತ್ತರ ಕೊಟ್ಟೆನೆಂದು ಖುಷಿಯಿಂದ ಮನೆಗೆ ಬಂದ.

ಫೆಬ್ರುವರಿಯಲ್ಲಿ ಕಾಗದ ಬಂತು. ಹೊಳೆ ಆಗಲೇ ಸಣ್ಣಗಾಗಿ ಕಲ್ಲು ಕಾಣುತ್ತಿದ್ದವು. ಇನ್ನೊಂದು ತಿಂಗಳಿಗೆ ಮಡು ಕಟ್ಟುತ್ತಿತ್ತು. ಸಾವಕ್ಕ ಕಾಗದ ಹಿಡಿದು ಕನ್ನಡ ಶಾಲೆಯ ರಾಜಮತಿ ಟೀಚರ ಮನೆಗೆ ಹೋದಳು. ರಾಜಮತಿ ಜೈನರ ಹೆಣ್ಣುಮಗಳು. ಮೀನಿನ ಬುಟ್ಟಿ ಓಣಿಯಲ್ಲಿ ಹಾಯ್ದರೆ ಸೆರಗು ಮೂಗಿಗೆ ಒಯ್ಯುತ್ತಿದ್ದಳು. ಆದರೆ ಕಾಗದ ಓದಿಸಲು ಬಂದವರನ್ನು ಎಂದೂ ವಾಪಸು ಕಳಿಸಿದವಳಲ್ಲ. ಕಟ್ಟೆಯ ಮೇಲೆ ಕೂರಿಸಿ ಓದಿದಳು.

"ಸಂಘದಿಂದ ವಿತರಿಸಲಾದ ನೈಲಾನ್ ಬಲೆಯಲ್ಲಿ ಸಂರಕ್ಷಿತ ಪ್ರಾಣಿಯಾದ ಕಡಲಹಂದಿ, ಸಂಖ್ಯೆ ಒಂದು, ಸೆರೆಹಿಡಿದಿರುವುದಾಗಿ ತಾವೇ ಒಪ್ಪಿಕೊಂಡಿರುವುದರಿಂದಲೂ, ಸಂಘದ ಅಧ್ಯಕ್ಷರು ಶಿಫಾರಸು ಮಾಡಿರುವುದರಿಂದಲೂ, ತಮ್ಮ ಪರವಾನಿಗೆಯನ್ನು ಅಮಾನತಿನಲ್ಲಿ ಇಡಲಾಗಿದೆ. ತಮ್ಮ ಪಾಲಿನ ಮಡುವನ್ನು ಸಂಘದ ವಶಕ್ಕೆ ಕೊಡತಕ್ಕದ್ದು."

ಓದುತ್ತ ಓದುತ್ತ ರಾಜಮತಿಗೆ ನಗು ಬಂತು. ಸಾವಕ್ಕನ ಮುಖ ನೋಡಿ ನಗು ನಿಂತಿತು.

"ಸಾವಕ್ಕ, ಕಡಲು ಅಂದ್ರ ಸಮುದ್ರ. ಕಡಲಹಂದಿ ಅಂದ್ರ ಸಮುದ್ರದಾಗ ಇರೂ ಪ್ರಾಣಿ. ಅದು ಇಲ್ಲಿಗೆ ಹೆಂಗ ಬರ್ತೈತಿ?"

"ಸಮುದ್ರದ್ದು ಅಲ್ರೀ ಟೀಚರ, ಕಡ್ಲಿ ಹೊಲದ್ದು. ಕಾಲ ನಾಕ ಇದ್ದೂ. ನಾನೂ ನೋಡೀನಿ."

"ಅವರಿಗೆ ಅದೆಲ್ಲ ಬೇಕಾಗಿಲ್ಲವ್ವಾ. ಕಾಗದದಾಗ ಸಿಕ್ಕೈತಿ, ಅಷ್ಟ."

"ಅಧ್ಯಕ್ಷ ಏನೋ ಮಾಡ್ಯಾನ ಅಂದ್ರೆಲಾ?"

"ಶಿಫಾರಸು. ಇವನ ಪರವಾನಿಗಿ ತಗೀರಿ ಅಂತ ಅಣ್ಣಾಸಾಬ ತಾನ ಬರದು ಕೊಟ್ಟಾನ."

ಸಾವಕ್ಕ ಆ ಕಾಗದವನ್ನು ಇನ್ನೆರಡು ಸಲ ಓದಿಸಿದಳು. ಅಷ್ಟಕ್ಕೆ ಪ್ರತಿ ಮಾತೂ ಅವಳ ಬಾಯಿಗೆ ಬಂದಿತ್ತು. ಹನ್ನೊಂದು ವರ್ಷ ಕಾದ ಪಾಳಿ ಒಂದು ಹಂದಿಯ ಹೆಸರಿನಲ್ಲಿ ಹೋಗಿತ್ತು. ಅಳು ಬರಲಿಲ್ಲ, ಅಸಹ್ಯ ಬಂತು.

ಅಣ್ಣಾಸಾಬ ದ್ರಾಕ್ಷಿ ತೋಟದಲ್ಲಿದ್ದ. ಹಣ್ಣು ಸಕ್ಕರೆ ಹಿಡಿಯುವ ಕಾಲ. ಸಾವಕ್ಕ ತೋಟದ ಬಾಗಿಲಲ್ಲಿ ನಿಂತು ಕೂಗಿದಳು. ಅವನು ಒಳಗೇ ಕರೆದ. ಕುರ್ಚಿಯ ಮೇಲೆ ಕಾಲು ನೀಡಿ ಕೂತು ಗೊಂಚಲು ತಿನ್ನುತ್ತಿದ್ದ.

"ಕಾಯ ಸಾವಕ್ಕ, ಏನ ಇತ್ಲಾಗ ಬಂದಿ?" ಎಂದ ತನ್ನ ಮರಾಠಿ ಬೆರಕೆಯ ಮಾತಿನಲ್ಲಿ.

"ಮಡುವಿನ ಪಾಳಿ ನಮ್ಮದು ಐತ್ರಿ ಅಣ್ಣಾಸಾಬ್ರ. ನೀವ ಬ್ಯಾಡಂತ ಬರದ್ರಂತಲ್ಲ?"

"ಬಘಾ, ನೋಡ ಯವ್ವಾ, ನಂದೇನೈತಿ? ಸರಕಾರದ ಹುಕುಂ ಅದು. ನಿನ್ನ ಗಂಡ ತನ್ನ ಬಾಯಿಲೆ ಒಪ್ಪ್ಯಾನ, ಹಂದಿ ಹಿಡದೀನಿ ಅಂತ. ದಿಲ್ಲಿ ಮಟ ಹೋಗೈತಿ ಅದು. ನನಗ ಸುಳ್ಳ ಹೇಳಾಕ ಬರ್ತೈತೇನು?"

"ಅದು ಕಡ್ಲಿ ಹಂದಿರಿ. ನಿಮಗೂ ಗೊತ್ತೈತಿ."

"ಗೊತ್ತಿದ್ರ ಏನ ಮಾಡ್ಲಿ? ಮಡುವಿಗೆ ಸಾಂಗಲಿ ಕಾಂಟ್ರಾಕ್ಟದಾರ ಬರ್ತಾನ ಈ ಸಲ. ಅವಗ ಮಂದಿ ಬೇಕು. ಕಾಮಣ್ಣಗ ಕೂಲಿ ಹಚ್ಚತೀನಿ. ನೀನೂ ಬಾ, ಮೀನ ಆರಸಾಕ. ನಾ ಕೈ ಬಿಡೂ ಮನಶ್ಯಾ ಅಲ್ಲ."

ತನ್ನ ಮಡುವಿನಲ್ಲಿ ತಾನೇ ಕೂಲಿ. ಸಾವಕ್ಕನಿಗೆ ಅವನ ಮುಖ ನೋಡಲಾಗಲಿಲ್ಲ. ಮೇಲಕ್ಕೆ ನೋಡಿದಳು. ಚಪ್ಪರದ ತುಂಬ ಬಳ್ಳಿ, ಬಳ್ಳಿಯ ಮೇಲೆ ಗುಬ್ಬಿ, ಗಿಳಿ ಬರದಂತೆ ಹೊದಿಸಿದ ಬಲೆ. ತಿಳಿನೀಲಿ ನೈಲಾನು. ಒಂದು ಮೈನಾ ರೆಕ್ಕೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ಸತ್ತು ಒಣಗಿತ್ತು. ಇನ್ನೊಂದು ಜೀವ ಇದ್ದು ಒದ್ದಾಡುತ್ತಿತ್ತು. ಬಲೆಯ ಅಂಚು ಅವಳ ತಲೆಯ ಹತ್ತಿರವೇ ಜೋತುಬಿದ್ದಿತ್ತು. ಅಂಚಿನ ಹಗ್ಗಕ್ಕೆ ಗೇಣಿಗೊಂದರಂತೆ ಸೀಸದ ಗುಂಡು ಕಟ್ಟಿತ್ತು.

ಬಲೆ ನೀರಿನಲ್ಲಿ ಮುಳುಗಲೆಂದು ಕಟ್ಟುವ ಗುಂಡು ಅದು. ದ್ರಾಕ್ಷಿಯನ್ನು ನೀರಿಗೆ ಮುಳುಗಿಸುವವರು ಯಾರೂ ಇಲ್ಲ. ಸಾವಕ್ಕ ಕೈ ಚಾಚಿ ಬಲೆಯ ಕಣ್ಣಿಗೆ ಎರಡು ಬೆರಳು ತೂರಿಸಿ ನೋಡಿದಳು. ಬಾಳಿಮೀನಿನ ಬಲೆ. ಹೊಸದು. ಒಂದು ದಿನ ನೀರು ಕಂಡದ್ದಲ್ಲ. ತನ್ನ ಹೆಬ್ಬೆರಳಿನ ಹುಣ್ಣು ಅವಳಿಗೆ ಚುರ್ರೆಂದಿತು.

"ಏನ ನೋಡಾಕತ್ತಿ?" ಅಣ್ಣಾಸಾಬ ಕೇಳಿದ.

"ಹಕ್ಕಿ ಸತ್ತಾವ್ರಿ," ಎಂದಳು. "ಬರ್ತೀನ್ರಿ."

ಅಂಬಿಗರ ಓಣಿಗೆ ಬಂದು ಮೊದಲು ಮುದುಕಿ ಕಸ್ತೂರೆವ್ವಳಿಗೆ ಹೇಳಿದಳು. ಕಸ್ತೂರೆವ್ವಳ ಬಾಯಿಗೆ ಬಿದ್ದದ್ದು ಹತ್ತು ಮನೆಗೆ ಹೋಗಲು ಹೊತ್ತು ಬೇಕಿರಲಿಲ್ಲ. ಗಂಡಸರು ಮೊದಲು ತಲೆ ಕೆಳಗೆ ಹಾಕಿದರು. ಕಬ್ಬು ಕಡಿಯಲು ಕರೆಯುವವನು ಅಣ್ಣಾಸಾಬ, ಕರೆಯದೆ ಬಿಡುವವನೂ ಅವನೇ. ಕಸ್ತೂರೆವ್ವ ಎಲೆ ಅಡಿಕೆ ಉಗುಳಿ ಕೇಳಿದಳು, "ಇವತ್ತ ಕಾಮಣ್ಣನ ಪಾಳಿ ಹೋತು. ಮುಂದಿನ ವರ್ಷ ಯಾರದು?"

ಮುಂದಿನ ವರ್ಷದ ಪಾಳಿಯವನು ಕೆಳಗೆ ಹಾಕಿದ್ದ ತಲೆ ಎತ್ತಿದ.

"ಅದರ ಮುಂದಿನ ವರ್ಷದ್ದು? ಎಲ್ಲಾರ ಬಲಿಯಾಗೂ ಏನರ ಒಂದು ಸಿಗತೈತಿ ಬಿಡ್ರಿ. ಯಾರಿಗೆ ಹಂದಿ, ಯಾರಿಗೆ ಆನಿ."

ಸಾಹೇಬ ಬಂದ ದಿನ ಹನ್ನೊಂದೂ ಮನೆಯವರು ಒಟ್ಟಿಗೆ ಹೋಗುವುದೆಂದಾಯಿತು.

ಒಂದು ತಿಂಗಳಿಗೆ, ಮಡು ಕಟ್ಟಿದ ಹೊತ್ತಿಗೆ, ಇನ್‌ಸ್ಪೆಕ್ಟರ್ ಸಾಹೇಬ ವಿಚಾರಣೆಗೆಂದು, ಅಲ್ಲಿಯ ಮಾತಿನಲ್ಲಿ ಚೌಕಶಿಗೆಂದು, ಬಂದ. ಕಾಗದ ಮೊದಲೇ ಟೈಪಾಗಿತ್ತು. ತಪ್ಪು ಒಪ್ಪಿಕೊಂಡು ಪಾಳಿ ಬಿಟ್ಟುಕೊಟ್ಟಿದ್ದೇನೆ ಎಂಬ ಒಕ್ಕಣೆ. ಕಾಮಣ್ಣನ ಹೆಬ್ಬೆಟ್ಟೊಂದು ಬಾಕಿ. ಅಣ್ಣಾಸಾಬ ಶಾಯಿಯ ಡಬ್ಬಿ ತೆರೆದಿಟ್ಟು ಕೂತಿದ್ದ. ಅಂಗಳದಲ್ಲಿ ಹನ್ನೊಂದು ಮನೆಯ ಹೆಂಗಸರು ಗಂಡಸರು ಎಲ್ಲ ನಿಂತದ್ದು ಕಂಡು, "ಇಷ್ಟ ಮಂದಿ ಯಾಕ ಬಂದೀರಿ? ಲಗ್ನ ಐತೇನು?" ಎಂದ. ಯಾರೂ ನಗಲಿಲ್ಲ.

ರಾಜಮತಿ ಟೀಚರು ಶಾಲೆಯ ಪುಸ್ತಕ ಹಿಡಿದು ಬಂದಿದ್ದಳು. ಪುಟ ತೆಗೆದು ಸಾಹೇಬನ ಮುಂದೆ ಇಟ್ಟಳು. "ಕಡಲಹಂದಿ ಸಮುದ್ರದ ಪ್ರಾಣಿರಿ ಸಾಹೇಬ್ರ. ಈ ಹೊಳಿಯೊಳಗ ಸಿಗೂದಿಲ್ಲ."

ಸಾಹೇಬ ಪುಸ್ತಕ ನೋಡಿದ. ಅವನ ಕಿವಿ ಕೆಂಪಾದವು. ಅವನಿಗೆ ಈ ಸಂಗತಿ ತಿಳಿದು ಎರಡು ತಿಂಗಳಾಗಿತ್ತು. ಆದರೆ ಇಡೀ ಜಿಲ್ಲೆಯಲ್ಲಿ ಅವನೊಬ್ಬನ ಫಾರ್ಮಿನಲ್ಲಿ ಮಾತ್ರ ಸೊನ್ನೆ ಬಿಟ್ಟು ಬೇರೆ ಅಂಕಿ ಇತ್ತು, ಮೇಲಿನವರು ಶ್ರದ್ಧೆಯ ಕೆಲಸವೆಂದು ಹೊಗಳಿ ಪತ್ರ ಬರೆದಿದ್ದರು. ಹೊಗಳಿಕೆಯನ್ನು ವಾಪಸು ಕೊಡುವುದು ಹೇಗೆ?

"ಟೀಚರ, ಮೇಲಿಂದ ಆರ್ಡರ್ ಆಗಿದೆ. ನಾನೇನೂ ಮಾಡೋಕಾಗಲ್ಲ. ಏ ಕಾಮಣ್ಣ, ಬಾ ಇಲ್ಲಿ, ಹೆಬ್ಬೆಟ್ಟು ಒತ್ತು."

ಕಾಮಣ್ಣ ಒಂದು ಹೆಜ್ಜೆ ಮುಂದಿಟ್ಟ. ಸಾವಕ್ಕ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದು ತಾನು ಮುಂದೆ ಬಂದಳು.

"ಒತ್ತತಾನ್ರಿ. ಮೊದಲ ಒಂದು ಮಾತು. ಕಾಗದದಾಗ ಏನ ಬರದೀರಿ? ಸಂಘದಿಂದ ವಿತರಿಸಲಾದ ನೈಲಾನ್ ಬಲೆಯಲ್ಲಿ. ಹೌದಿಲ್ರಿ?"

ಹೆಂಗಸಿನ ಬಾಯಲ್ಲಿ ತನ್ನ ಒಕ್ಕಣೆ ಅಕ್ಷರ ತಪ್ಪದೆ ಬಂದದ್ದಕ್ಕೆ ಸಾಹೇಬ ಗಾಬರಿಯಾದ. "ಹೌದು. ಅದಕ್ಕೇನು?"

"ಚೌಕಶಿ ಅಂದ್ರ ಬಲಿ ನೋಡಬೇಕಲ್ರಿ. ಹಂದಿ ಸಿಕ್ಕ ಬಲಿ ಎಲ್ಲೈತಿ ಅಂತ ಕೇಳೇ ಇಲ್ಲ ನೀವು."

"ಎಲ್ಲಿದೆ?"

"ಹತ್ತ ಹೆಜ್ಜಿ ಐತ್ರಿ. ಜೀಪ ಬ್ಯಾಡ. ನಡೀರಿ ತೋರಸ್ತೀನಿ."

ಅಣ್ಣಾಸಾಬ ಎದ್ದ. "ಸಾಹೇಬ್ರ, ಈ ಮಂದಿ ಮಾತ ಕೇಳಬ್ಯಾಡ್ರಿ. ಬಿಸಲ ಐತಿ, ಕುಂಡ್ರರಿ, ಊಟಾ ಆಗೈತಿ." ಅವನ ಗಾಬರಿ ನೋಡಿಯೇ ಸಾಹೇಬನಿಗೆ ಎದ್ದೇಳುವ ಮನಸ್ಸಾಯಿತು. ಜೊತೆಗೆ ಅಂಗಳದ ಬಾಗಿಲು ಬಿಟ್ಟು ಯಾರೂ ಸರಿಯುತ್ತಿರಲಿಲ್ಲ. ಹೊರಗೆ ಹೋಗಬೇಕಾದರೆ ಅವರು ಹೇಳಿದ ಕಡೆಗೇ ಹೋಗಬೇಕಿತ್ತು.

ದ್ರಾಕ್ಷಿ ತೋಟದ ಚಪ್ಪರದ ಕೆಳಗೆ ನಿಲ್ಲಿಸಿ ಸಾವಕ್ಕ ಸೀಸದ ಗುಂಡಿನ ಹಗ್ಗವನ್ನು ಸಾಹೇಬನ ಕೈಗೇ ಕೊಟ್ಟಳು. "ತಗೋರಿ. ಸಂಘದ ನೈಲಾನ್ ಬಲಿ. ಹನ್ನೊಂದು ಮಂದಿಗೆ ಕೊಟ್ಟದ್ದು. ಹನ್ನೊಂದೂ ಇಲ್ಲೇ ಅದಾವು, ಎಣಿಸಿಕೋರಿ. ಕಡಲಹಂದಿ ಈ ಬಲಿಗೆ ಬಿದ್ದಿದ್ರ ಇಲ್ಲೇ ಬಿದ್ದಿರಬೇಕು, ದ್ರಾಕ್ಷಿ ತಿನ್ನಾಕ ಬಂದು."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಷ್ಟು ವರ್ಷ ಅಣ್ಣಾಸಾಬನ ಎದುರು ಕೆಮ್ಮಲೂ ಹೆದರುತ್ತಿದ್ದ ಮಂದಿ, ಅವನ ತೋಟದಲ್ಲಿ, ಅವನ ಮುಖ ನೋಡಿಕೊಂಡೇ ನಕ್ಕರು.

"ಹೊರಗ ನಡೀರಿಲೇ!" ಅಣ್ಣಾಸಾಬ ಚೀರಿದ. "ನನ್ನ ತ್ವಾಟದಾಗ ನನಗ ನಗತೀರಿ? ಒಬ್ಬೊಬ್ಬನ್ನ ಊರ ಬಿಡಸ್ತೀನಿ!"

"ಸಾಹೇಬ್ರ, ಫಾರಂ ತಗೀರಿ," ಎಂದಳು ಸಾವಕ್ಕ. "ಬಲಿಯಾಗ ಏನ ಸಿಕ್ಕೈತಿ ಅಂತ ಕೇಳತದಲ್ಲ? ಹಂದಿ ಸಿಕ್ಕೈತಿ. ಒಂದು. ಜೀವ ಐತಿ, ಒದರಾಕತ್ತೈತಿ. ಬರಕೋರಿ."

ಸಾಹೇಬ ಅಣ್ಣಾಸಾಬನನ್ನೂ ನೋಡಲಿಲ್ಲ, ಸಾವಕ್ಕನನ್ನೂ ನೋಡಲಿಲ್ಲ, ಕೈಯಲ್ಲಿದ್ದ ಸೀಸದ ಗುಂಡು ನೋಡುತ್ತ ನಿಂತ. ಅಷ್ಟರಲ್ಲಿ ಕಸ್ತೂರೆವ್ವ ಸೆರಗು ಸಿಕ್ಕಿಸಿ ಬಳ್ಳಿಯಿಂದ ಬಲೆ ಬಿಡಿಸತೊಡಗಿದ್ದಳು. ಉಳಿದ ಹೆಂಗಸರೂ ಕೈ ಹಾಕಿದರು. ಗೊಂಚಲು ಹರಿಯದಂತೆ, ಬಲೆ ಹರಿಯದಂತೆ, ಒಂದೊಂದೇ ಕಣ್ಣು ಬಿಡಿಸಿ ತೆಗೆದರು. ಅವರಿಗೆ ಅದು ಬರುವ ಕೆಲಸ. ಸಿಕ್ಕಿಬಿದ್ದಿದ್ದ ಹಕ್ಕಿಗಳನ್ನು ಬಿಡಿಸಿ ಹಾರಬಿಟ್ಟರು, ಸತ್ತವನ್ನು ಅಣ್ಣಾಸಾಬನ ಕುರ್ಚಿಯ ಮೇಲೆ ಇಟ್ಟರು. ತೋಟದ ಆಳುಗಳು ಬಡಿಗೆ ಹಿಡಿದು ಬಂದರು. ಅವರೆಲ್ಲ ಸಂಘದ ಪಟ್ಟಿಯಲ್ಲಿ ಮೀನುಗಾರರು. ಬಂದವರು ಬಲೆಯನ್ನು ನೋಡಿದರು, ಹೆಂಗಸರನ್ನು ನೋಡಿದರು, ಬಡಿಗೆಯನ್ನು ಕೆಳಗಿಟ್ಟು ಬೀಡಿ ಹಚ್ಚಿದರು.

ಹನ್ನೊಂದು ಬಲೆ ಹನ್ನೊಂದು ತಲೆಯ ಮೇಲೆ ಹೊತ್ತು ಎಲ್ಲರೂ ನೆಟ್ಟಗೆ ಮಡುವಿಗೆ ಹೋದರು. ಸಾಹೇಬ ಜೀಪು ತರಿಸಿಕೊಂಡು ಹಿಂದೆಯೇ ಬಂದ. ತೋಟದಲ್ಲೇ ಉಳಿದ ಅಣ್ಣಾಸಾಬ ಏನೋ ಹೇಳಿ ಕಳಿಸಿದ್ದನೆಂದು ಸಾಹೇಬ ಜೀಪಿನಿಂದ ಇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಕಾಮಣ್ಣ! ಪರವಾನಿಗೆ ಇಲ್ಲದೆ ನೀರಿಗೆ ಬಲೆ ಇಳಿಸಬೇಡ. ಇಳಿಸಿದರೆ ಕೇಸು ಬರೀತೀನಿ. ಜೇಲು ಆಗುತ್ತೆ."

ಕಾಮಣ್ಣ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದ. ಎದುರು ದಂಡೆಗೆ ಹಗ್ಗ ಒಯ್ದವರು ಅವನ ಕೈಸನ್ನೆಗೆ ಕಾಯುತ್ತಿದ್ದರು. ಸಾವಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಅವನು ಕೈ ಅಡ್ಡ ಮಾಡಿ ಅವಳನ್ನು ತಡೆದ. ಸಾಹೇಬನ ಕೈಯಲ್ಲಿನ ಪೆನ್ನನ್ನು ಮೊದಲ ಸಲ ನೆಟ್ಟ ನೋಟದಿಂದ ನೋಡಿದ.

"ಬರೀರಿ ಸಾಹೇಬ್ರ. ಕಾಮಣ್ಣ ಅಂತ ಬರೀರಿ. ಮಡು ಈ ವರ್ಷ ನನ್ನ ಪಾಳಿ ಅಂತ ಬರೀರಿ. ಬಲಿ ದ್ರಾಕ್ಷಿ ತ್ವಾಟದಾಗ ಸಿಕ್ತು ಅಂತ ಬರೀರಿ. ಹಂದಿ ಬಿಟ್ಟ ಕಳಿಸಿದೆ ಅಂತನೂ ಬರೀರಿ. ಅವತ್ತ ನಾ ಹೇಳಿದ್ದ ಒಂದು, ನೀವು ಬರದದ್ದು ಒಂದು. ಇವತ್ತ ಕೇಳಿ ಬರೀರಿ."

ಸಾಹೇಬ ಪೆನ್ನಿನ ಟೊಪ್ಪಿಗೆ ತೆಗೆದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಿಂತ. ಕಾಮಣ್ಣ ಅವನಿಗೆ ಬೆನ್ನು ಮಾಡಿ ಕೈ ಬೀಸಿದ. ಎರಡೂ ದಂಡೆಯವರು ಹಗ್ಗ ಎಳೆದರು, ಬಲೆ ನೀರಿಗಿಳಿಯಿತು.